ಮನೆಯ ಲೆಕ್ಕ, ಮನಸ್ಸಿನ ಲೆಕ್ಕ
(ಬಾನುಲಿ ಭಾಷಣ)

2011ರ ಜನಗಣತಿಯ ಕಾಲದಲ್ಲಿ ಗಣತಿದಾರರು ದೇಶದ ಮನೆಮನೆಯ ಬಾಗಿಲಿಗೂ ಹೋಗಿ, ಮನೆಯಲ್ಲಿ ಅಂಗವಿಕಲರು ಯಾರಾದರೂ ಇದ್ದಾರೆಯೇ ಎಂದು ಕೇಳಿ, ಇದ್ದರೆ ಯಾವ ಬಗೆಯ ವೈಕಲ್ಯವೆಂಬುದನ್ನು ಬರೆದುಕೊಂಡರು. ಆ ಬಗೆಗಳಲ್ಲಿ ಮನೋರೋಗವೂ ಒಂದಾಗಿತ್ತು. ಎಲ್ಲವನ್ನೂ ಕೂಡಿಸಿ ನೋಡಿದಾಗ, ಇಡೀ ಭಾರತದಲ್ಲಿ ಆ ಅಂಕಣದೊಳಗೆ ಬಂದವರು ಸುಮಾರು 7 ಲಕ್ಷ 22 ಸಾವಿರ ಜನ. ಅದಾದ ಐದು ವರ್ಷಗಳಿಗೆ, 2016ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ವರದಿ ಹೊರಬಂದಿತು. ಮನಸ್ಸಿನ ಕಾಯಿಲೆಗಾಗಿ ಒಂದಲ್ಲ ಒಂದು ಬಗೆಯ ನೆರವು ಬೇಕಾದವರು ಈ ದೇಶದಲ್ಲಿ ಸುಮಾರು 15 ಕೋಟಿ ಜನರಿದ್ದಾರೆಂದು ಆ ವರದಿ ತಿಳಿಸಿತು.

ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಕಾಲ. ಒಂದು ಲೆಕ್ಕ ಲಕ್ಷಗಳಲ್ಲಿ ನಿಲ್ಲುತ್ತದೆ, ಇನ್ನೊಂದು ಕೋಟಿಗಳಿಗೆ ಏರುತ್ತದೆ. ಇವೆರಡರಲ್ಲಿ ಯಾವುದು ಸುಳ್ಳು ಎಂದು ಕೇಳುವ ಆತುರ ನಮಗೆ ಸಹಜವಾಗಿಯೇ ಆಗುತ್ತದೆ. ಆದರೆ ಯಾವುದೂ ಸುಳ್ಳಲ್ಲ. ಎರಡೂ ಕಡೆ ಕೇಳಿದ ಪ್ರಶ್ನೆ ಬೇರೆ, ಉತ್ತರ ಕೊಟ್ಟವರು ಬೇರೆ, ಬಾಗಿಲಲ್ಲಿ ನಿಂತು ಕೇಳಿದವರು ಕಲಿತು ಬಂದ ಪಾಠ ಬೇರೆ. ನೆಲವನ್ನು ಅಳೆಯುವಾಗ ಸರಪಳಿ ಬದಲಾದರೂ ಹೊಲ ಬದಲಾಗುವುದಿಲ್ಲ. ಮನಸ್ಸಿನ ವಿಚಾರದಲ್ಲಿ ಮಾತ್ರ, ಅಳೆಯುವ ಕೋಲು ಎಂಥದೋ ಅಂಥ ಹೊಲವೇ ಕಣ್ಣಿಗೆ ಬೀಳುತ್ತದೆ. ಆ ಕೋಲನ್ನು ನಮ್ಮ ದೇಶದಲ್ಲಿ ಯಾರು, ಹೇಗೆ ಮಾಡಿಕೊಂಡರು ಎಂಬುದು ಸುಮಾರು ನೂರೈವತ್ತು ವರ್ಷಗಳ ಕಥೆ. ಅದನ್ನು ಸ್ಥೂಲವಾಗಿ ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಮೊದಲು ಎಣಿಸಲು ಹೊರಟವರು ಬ್ರಿಟಿಷರು. 1872ರ ಗಣತಿಯಿಂದ ಮೊದಲುಗೊಂಡು 1931ರವರೆಗೆ, ಹತ್ತು ವರ್ಷಗಳಿಗೊಮ್ಮೆ, ಜನಗಣತಿಯ ನಮೂನೆಯಲ್ಲಿ ‘ನ್ಯೂನತೆ’ಗಳ ಒಂದು ಅಂಕಣವಿರುತ್ತಿತ್ತು. ಕುರುಡರು, ಕಿವುಡ-ಮೂಗರು, ಕುಷ್ಠರೋಗಿಗಳು, ಹುಚ್ಚರು, ಈ ನಾಲ್ವರಿಗೂ ಅಲ್ಲಿ ಒಂದೇ ಪಂಕ್ತಿ. ಗಣತಿದಾರ ಪ್ರಶ್ನೆ ಕೇಳುತ್ತಿದ್ದದ್ದು ಮನೆಯ ಯಜಮಾನನನ್ನು. ಅವನು ಹೇಳಿದ್ದೇ ದಾಖಲೆ. ಕುರುಡನ್ನು ಮರೆಮಾಡಲಾಗದು, ಹುಚ್ಚನ್ನು ಮರೆಮಾಡಬಹುದು. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ, ಒಳಕೋಣೆಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ತಮ್ಮನೊಬ್ಬನಿದ್ದರೆ, ಯಾವ ಯಜಮಾನ ಅದನ್ನು ಊರ ಶಾನುಭೋಗನ ಕೈಯಲ್ಲಿ ಬರೆಸಿಯಾನು? ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂದು ನಮ್ಮವರು ನಕ್ಕು ಆಡುವ ಗಾದೆಯ ಹಿಂದೆ ಇರುವುದು ಈ ಭಯವೇ. ಮನೆಯ ಮಾನ, ಸಂಬಂಧ, ಆಸ್ತಿಯ ಹಕ್ಕು, ಇವೆಲ್ಲ ಆ ಒಂದು ಶಬ್ದಕ್ಕೆ ಗಂಟುಬಿದ್ದಿದ್ದವು.

ಅಂದಿನ ಅಧಿಕಾರಿಗಳಿಗೆ ಈ ತೊಡಕು ತಿಳಿಯದೆ ಇರಲಿಲ್ಲ. ಈ ಅಂಕಣದ ಸಂಖ್ಯೆಗಳನ್ನು ನೆಚ್ಚಲಾಗದೆಂಬ ಸಂದೇಹ ಅವರ ವರದಿಗಳಲ್ಲಿಯೇ ಕಾಣುತ್ತದೆ. ಮನೆಯ ಹೆಂಗಸರ ವಿಷಯವಂತೂ ಇನ್ನೂ ಗುಪ್ತ. ಕಡೆಗೆ 1931ರ ಗಣತಿಯ ನಂತರ ಆ ಅಂಕಣವನ್ನೇ ಕೈಬಿಟ್ಟರು. ಮುಂದೆ ಸ್ವತಂತ್ರ ಭಾರತದ ಗಣತಿಯಲ್ಲಿ ಮಾನಸಿಕ ವೈಕಲ್ಯದ ಪ್ರಶ್ನೆ ಮತ್ತೆ ಕಾಣಿಸಿಕೊಂಡದ್ದು 2001ರಲ್ಲಿ. ಹೀಗೆ ಎಪ್ಪತ್ತು ವರ್ಷ ಕಾಲ ಸರಕಾರದ ಲೆಕ್ಕದ ಪುಸ್ತಕದಲ್ಲಿ ಮನೋರೋಗಿಗೆ ಒಂದು ಗೆರೆಯ ಜಾಗವೂ ಇರಲಿಲ್ಲ.

ಗಣತಿ ನಿಂತಿತೆಂದು ಅಗತ್ಯ ನಿಲ್ಲಲಿಲ್ಲ. 1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು ಒಂದು ಸಮಿತಿ ನೇಮಕವಾಯಿತು. 1946ರಲ್ಲಿ ಅದರ ವರದಿ ಬಂದಿತು. ಮಾನಸಿಕ ಆರೋಗ್ಯದ ಅಧ್ಯಾಯವನ್ನು ಬರೆಯುವಾಗ ಸಮಿತಿಯ ಕೈಯಲ್ಲಿ ನಮ್ಮದೇ ಆದ ಯಾವ ಸಂಖ್ಯೆಯೂ ಇರಲಿಲ್ಲ. ಆದ್ದರಿಂದ ಅವರು ಊಹೆಯ ಆಸರೆ ಪಡೆದರು: ಸಾವಿರಕ್ಕೆ ಇಬ್ಬರು ಮನೋರೋಗಿಗಳೆಂದು ಕನಿಷ್ಠವಾಗಿ ಹಿಡಿದರೂ 8 ಲಕ್ಷ ಜನರಿಗೆ ಆಸ್ಪತ್ರೆಯಲ್ಲಿ ಸ್ಥಳ ಬೇಕು, ದೇಶದಲ್ಲಿ ಇರುವುದಾದರೋ 10 ಸಾವಿರಕ್ಕೆ ತುಸು ಮೇಲ್ಪಟ್ಟ ಹಾಸಿಗೆಗಳು. ಈ ಲೆಕ್ಕ ಊಹೆಯದಾದರೂ ಅದು ಮಾಡಿದ ಕೆಲಸ ದೊಡ್ಡದು. ತಜ್ಞರನ್ನು ತಯಾರು ಮಾಡುವ ಸಂಸ್ಥೆಯೊಂದು ಬೇಕೆಂಬ ಆ ಸಮಿತಿಯ ಸಲಹೆಯ ಫಲವಾಗಿ, 1954ರಲ್ಲಿ ಬೆಂಗಳೂರಿನ ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆದದ್ದು ನಿಮಗೆ ತಿಳಿದೇ ಇದೆ. ಎರವಲು ತಂದ ಸಂಖ್ಯೆಯಿಂದ ಹುಟ್ಟಿದ ಸಂಸ್ಥೆ, ಮುಂದೆ ದೇಶಕ್ಕೆ ಸ್ವಂತದ ಸಂಖ್ಯೆಯನ್ನು ಕೊಡಬೇಕಾಗಿ ಬಂದದ್ದು ಇತಿಹಾಸದ ಒಂದು ನ್ಯಾಯ.

ಆ ನಡುವೆ, 1960ರ ದಶಕದಿಂದ, ನಮ್ಮ ಮನೋವೈದ್ಯರು ಆಸ್ಪತ್ರೆಯ ಗೇಟನ್ನು ದಾಟಿ ಊರುಕೇರಿಗಳಿಗೆ ಹೊರಟರು. ಪಾಂಡಿಚೇರಿಯಲ್ಲಿ ಸೂರ್ಯ ಮತ್ತು ಅವರ ಸಂಗಡಿಗರು, ಲಖನೌದಲ್ಲಿ ಸೇಥಿ, ಆಗ್ರಾದಲ್ಲಿ ದುಬೆ, ವೆಲ್ಲೂರಿನಲ್ಲಿ ವರ್ಗೀಸ್, ಬಂಗಾಳದ ಹಳ್ಳಿಗಳಲ್ಲಿ ನಂದಿ, ಹೀಗೆ ಒಬ್ಬೊಬ್ಬರು ಒಂದೊಂದು ಕಡೆ ತಮ್ಮದೇ ಪ್ರಶ್ನೆಗಳನ್ನು ಹಿಡಿದು ಮನೆಮನೆಗೆ ಹೋದರು. ಇವರೆಲ್ಲರ ನಡುವೆ ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದ ಅಧ್ಯಯನ ಒಂದಿದೆ. ಶಿವರಾಮ ಕಾರಂತರು ಹುಟ್ಟಿದ ಊರಾಗಿ ನಾವೆಲ್ಲ ಬಲ್ಲ ಕೋಟದಲ್ಲಿ, ಎಡಿನ್‌ಬರೋದ ಪ್ರಾಧ್ಯಾಪಕ ಕಾರ್ಸ್ಟೇರ್ಸ್ ಅವರೂ ನಮ್ಮವರೇ ಆದ ಆರ್. ಎಲ್. ಕಪೂರ್ ಅವರೂ ಕೂಡಿ ನಡೆಸಿದ ಸಮೀಕ್ಷೆ ಅದು. 1976ರಲ್ಲಿ ಅದು ಪುಸ್ತಕವಾಗಿ ಹೊರಬಂದಿತು. ಬ್ರಾಹ್ಮಣರು, ಬಂಟರು, ಮೊಗವೀರರು, ಈ ಮೂರು ಸಮುದಾಯಗಳ ಮನೆಗಳನ್ನು ಆಯ್ದುಕೊಂಡು, ಅಳಿಯಸಂತಾನದ ಕಟ್ಟು ಸಡಿಲಗೊಳ್ಳುತ್ತಿದ್ದ ಕಾಲದಲ್ಲಿ ಜನರ ಮನಸ್ಸಿನ ಮೇಲೆ ಯಾವ ಭಾರ ಬಿದ್ದಿದೆ ಎಂಬುದನ್ನು ಅವರು ವಿಚಾರಿಸಿದರು.

ಕೋಟದ ಅಧ್ಯಯನದ ಹಿರಿಮೆ ಅದರ ಪ್ರಶ್ನೆಗಳಲ್ಲಿದೆ. ಪಶ್ಚಿಮದ ಪ್ರಶ್ನಾವಳಿಯನ್ನು ಹಾಗೆಯೇ ತಂದು ಕರಾವಳಿಯ ಮೀನುಗಾರ ಹೆಂಗಸಿನ ಮುಂದೆ ಓದಿದರೆ ಪ್ರಯೋಜನವಿಲ್ಲವೆಂದು ಕಪೂರ್ ಅರಿತಿದ್ದರು. ನಮ್ಮಲ್ಲಿ ‘ನನಗೆ ಖಿನ್ನತೆಯಾಗಿದೆ’ ಎಂದು ಯಾರೂ ಮನೆಯಲ್ಲಿ ಹೇಳುವುದಿಲ್ಲ. ‘ಯಾವುದರಲ್ಲೂ ಮನಸ್ಸಿಲ್ಲ’ ಎನ್ನುತ್ತಾರೆ, ‘ಕೈಕಾಲಿನ ಶಕ್ತಿ ಉಡುಗಿದೆ’ ಎನ್ನುತ್ತಾರೆ, ‘ಎದೆ ಹಾರುತ್ತದೆ’, ‘ತಲೆಯಲ್ಲಿ ಏನೋ ಹರಿದಂತಾಗುತ್ತದೆ’ ಎನ್ನುತ್ತಾರೆ. ಮನಸ್ಸು ನೋಯುವಾಗ ದೂರು ಹೊರಡುವುದು ದೇಹದ ಬಾಯಿಂದ. ಮೈಮೇಲೆ ದೈವ ಬರುವುದನ್ನು ರೋಗವೆಂದು ಬರೆಯಬೇಕೇ, ಆಚಾರವೆಂದು ಬಿಡಬೇಕೇ? ಇಂಥ ತೊಡಕುಗಳನ್ನೆಲ್ಲ ಎದುರಿಸಿ, ನಮ್ಮ ಜನರ ಲಕ್ಷಣಗಳಿಗೆ ಹೊಂದುವ ಭಾರತೀಯ ಸಂದರ್ಶನಾವಳಿಯೊಂದನ್ನು ಅವರು ಸಿದ್ಧಪಡಿಸಿದರು. ನೋವು ಬಂದಾಗ ಜನರು ಎಲ್ಲಿಗೆ ಹೋಗುತ್ತಾರೆಂಬುದನ್ನೂ ಕೇಳಿದರು. ನಾಡವೈದ್ಯ, ಮಂತ್ರವಾದಿ, ದೈವದ ಪಾತ್ರಿ, ಇಂಗ್ಲಿಷ್ ಮದ್ದಿನ ಡಾಕ್ಟರು, ಇವರಲ್ಲಿ ಒಬ್ಬರನ್ನು ಕಂಡವರು ಮತ್ತೊಬ್ಬರನ್ನು ಬಿಡುತ್ತಿರಲಿಲ್ಲ ಎಂಬುದು ಅವರಿಗೆ ಕಂಡ ಸಂಗತಿ.

ಆದರೆ ಈ ಎಲ್ಲ ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ವಿಚಿತ್ರವೊಂದು ಎದುರಾಯಿತು. ಪಾಂಡಿಚೇರಿಯಲ್ಲಿ ಸಾವಿರಕ್ಕೆ 9.5 ಜನ ರೋಗಿಗಳು. ಕೋಟದಲ್ಲಿ ಸಾವಿರಕ್ಕೆ ಸುಮಾರು 370 ಜನ. ಹಾಗಾದರೆ ಕೋಟದವರೇನು ಪಾಂಡಿಚೇರಿಯವರಿಗಿಂತ ನಲವತ್ತು ಮಡಿ ಅಸ್ವಸ್ಥರೇ? ಖಂಡಿತ ಅಲ್ಲ. ಒಂದು ಕಡೆ ವೈದ್ಯರ ಕಣ್ಣಿಗೆ ರೋಗವೆಂದು ಎದ್ದು ಕಂಡದ್ದನ್ನು ಮಾತ್ರ ಎಣಿಸಿದರು. ಇನ್ನೊಂದು ಕಡೆ, ಯಾವುದಾದರೊಂದು ಲಕ್ಷಣವಿದ್ದವರನ್ನೆಲ್ಲ ಕೂತು ಕೇಳಿ ಎಣಿಸಿದರು. ಸಣ್ಣ ಕಣ್ಣಿನ ಬಲೆಗೆ ಮೀನು ಹೆಚ್ಚು ಬೀಳುವುದು ಕೋಟದ ಮೊಗವೀರರಿಗೆ ಯಾರೂ ಕಲಿಸಿಕೊಡಬೇಕಾದ ವಿದ್ಯೆಯಲ್ಲ. ಬಲೆಯ ಕಣ್ಣು ಯಾವ ಅಳತೆಯದಿರಬೇಕು ಎಂಬುದನ್ನು ಮೊದಲು ತೀರ್ಮಾನಿಸದೆ ದೇಶಕ್ಕೆಲ್ಲ ಅನ್ವಯಿಸುವ ಸಂಖ್ಯೆ ಸಿಗದು ಎಂಬ ಪಾಠ ಮಾತ್ರ ಎಲ್ಲರಿಗೂ ಆಯಿತು.

ಇದೇ ಸಮಸ್ಯೆ ಪರದೇಶಗಳನ್ನೂ ಕಾಡಿತ್ತು. ಮನೋವೈದ್ಯರನ್ನೇ ಸಾವಿರಾರು ಮನೆಗಳಿಗೆ ಕಳಿಸುವುದು ಎಲ್ಲಿಯೂ ಸಾಧ್ಯವಲ್ಲ. ಕಳಿಸಿದರೂ ಇಬ್ಬರು ವೈದ್ಯರು ಒಂದೇ ರೋಗಿಯ ವಿಷಯದಲ್ಲಿ ಒಮ್ಮತಕ್ಕೆ ಬರುವರೆಂಬ ನೆಚ್ಚಿಕೆಯಿಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಒಂದೊಂದು ರೋಗಕ್ಕೂ ಇಷ್ಟು ಲಕ್ಷಣ, ಇಷ್ಟು ದಿನ ಎಂಬ ಗೆರೆಯನ್ನು ಹಾಕಿತು. ಆ ಗೆರೆಯನ್ನು ಹಿಡಿದು, ವೈದ್ಯರಲ್ಲದವರೂ ತರಬೇತಿ ಪಡೆದು ಅಕ್ಷರ ತಪ್ಪದಂತೆ ಕೇಳಬಹುದಾದ ಪ್ರಶ್ನಾವಳಿಗಳು ಹುಟ್ಟಿದವು. 1980ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಐದು ಪ್ರದೇಶಗಳಲ್ಲಿ ಸುಮಾರು 20 ಸಾವಿರ ಜನರನ್ನು ಈ ಬಗೆಯಲ್ಲಿ ಸಂದರ್ಶಿಸಿದರು. 1990ರಿಂದ 1992ರವರೆಗೆ ಆ ಇಡೀ ದೇಶಕ್ಕೆ ಸಲ್ಲುವ ಮಾದರಿಯೊಂದಿಗೆ ಸಮೀಕ್ಷೆ ನಡೆಯಿತು. 1993ರಲ್ಲಿ ಬ್ರಿಟನ್ನೂ 1997ರಲ್ಲಿ ಆಸ್ಟ್ರೇಲಿಯವೂ ಅದೇ ದಾರಿ ಹಿಡಿದವು. ಮುಂದೆ 1990ರ ದಶಕದಲ್ಲಿಯೇ ಅಮೆರಿಕದ ಶೀಹಾನ್ ಮತ್ತು ಫ್ರಾನ್ಸಿನ ಲೆಕ್ರುಬಿಯೆ ಎಂಬ ವೈದ್ಯರು, ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯಬಲ್ಲ ‘ಮಿನಿ’ ಎಂಬ ಚಿಕ್ಕ ಸಂದರ್ಶನಾವಳಿಯನ್ನು ರೂಪಿಸಿದರು. ಭಾರತದ ಸಮೀಕ್ಷೆಗೆ ಒದಗಿದ್ದು ಇದೇ.

ನಮ್ಮಲ್ಲಿ ಆ ವೇಳೆಗೆ ರೋಗಿಗಳ ಬಳಿಗೆ ಚಿಕಿತ್ಸೆಯನ್ನು ಒಯ್ಯುವ ಪ್ರಯೋಗಗಳು ಮೊದಲಾಗಿದ್ದವು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗವೇ ಮುಂದೆ 1996ರಿಂದ ಹಬ್ಬಿದ ಜಿಲ್ಲಾ ಕಾರ್ಯಕ್ರಮಕ್ಕೆ ಮೇಲ್ಪಂಕ್ತಿಯಾಯಿತು. ಆದರೆ ಒಂದು ಜಿಲ್ಲೆಗೆ ಎಷ್ಟು ಮಾತ್ರೆ ಬೇಕು, ಎಷ್ಟು ವೈದ್ಯರು ಬೇಕು ಎಂದು ಹಣಕಾಸಿನ ಅಧಿಕಾರಿ ಕೇಳಿದರೆ ಕೊಡಲು ಉತ್ತರವಿರಲಿಲ್ಲ. 1998ರಲ್ಲಿ ವೆಂಕಟಸ್ವಾಮಿ ರೆಡ್ಡಿ ಅವರೂ, ಮನೋರೋಗಗಳ ಬಗ್ಗೆ ಕನ್ನಡದಲ್ಲಿ ಬರೆದು ನಮ್ಮ ಓದುಗರಿಗೆ ಸುಪರಿಚಿತರಾದ ಸಿ. ಆರ್. ಚಂದ್ರಶೇಖರ್ ಅವರೂ ಕೂಡಿ, ಹಿಂದಿನ 13 ಅಧ್ಯಯನಗಳ 33,572 ಜನರ ಲೆಕ್ಕವನ್ನು ಒಟ್ಟುಗೂಡಿಸಿ ಸಾವಿರಕ್ಕೆ 58.2 ಎಂಬ ಸಂಖ್ಯೆಯನ್ನು ತೆಗೆದರು. ಚದುರಿದ ತುಂಡುಗಳನ್ನು ಹೊಲಿದು ಮಾಡಿದ ಕೌದಿ ಅದು; ಚಳಿಗೆ ಒದಗಿತು. ಆದರೆ ಒಂದೇ ಮಗ್ಗದಲ್ಲಿ ನೇಯ್ದ ಬಟ್ಟೆಯ ಅಗತ್ಯ ಹಾಗೆಯೇ ಉಳಿಯಿತು.

ಆ ಬಟ್ಟೆಯನ್ನು ನೇಯುವ ಹೊಣೆಯನ್ನು ಕೇಂದ್ರ ಆರೋಗ್ಯ ಸಚಿವಾಲಯ ನಿಮ್ಹಾನ್ಸ್‌ಗೆ ವಹಿಸಿತು. 2015-16ರಲ್ಲಿ ಸಮೀಕ್ಷೆ ನಡೆಯಿತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ನಿಜ, ಆದರೆ ಅದು ಸಮನಾಗಿ ಕಲಸಿದ ಒಂದೇ ಪಾತ್ರೆಯ ಮಾತು. ಈ ದೇಶವಾದರೋ ಒಂದೇ ಉರಿಯ ಮೇಲೆ ಬೇಯುತ್ತಿರುವ ಪಾತ್ರೆಯಲ್ಲ. ಆದ್ದರಿಂದ ದೇಶವನ್ನು ಆರು ವಲಯಗಳಾಗಿ ವಿಂಗಡಿಸಿ ಒಂದೊಂದರಿಂದ ಎರಡೆರಡು ರಾಜ್ಯಗಳನ್ನು ಆಯ್ದರು: ಪಂಜಾಬ್ ಮತ್ತು ಉತ್ತರ ಪ್ರದೇಶ, ತಮಿಳುನಾಡು ಮತ್ತು ಕೇರಳ, ಜಾರ್ಖಂಡ್ ಮತ್ತು ಪಶ್ಚಿಮ ಬಂಗಾಳ, ರಾಜಸ್ಥಾನ ಮತ್ತು ಗುಜರಾತ್, ಮಧ್ಯ ಪ್ರದೇಶ ಮತ್ತು ಛತ್ತೀಸ್‌ಗಢ, ಅಸ್ಸಾಂ ಮತ್ತು ಮಣಿಪುರ. ಹನ್ನೆರಡು ರಾಜ್ಯಗಳೊಳಗೆ 43 ಜಿಲ್ಲೆಗಳು, ಅವುಗಳೊಳಗೆ ತಾಲ್ಲೂಕುಗಳು, ಅಲ್ಲಿಂದ ಹಳ್ಳಿಗಳು ಮತ್ತು ನಗರದ ವಾರ್ಡುಗಳು, ಒಟ್ಟು 720 ಗುಂಪುಗಳು, ಕಡೆಗೆ ಮನೆ. ಜನ ಹೆಚ್ಚಿರುವ ಊರಿಗೆ ಆಯ್ಕೆಯಾಗುವ ಅವಕಾಶವೂ ಹೆಚ್ಚಿರುವಂತೆ ಚೀಟಿ ಎತ್ತುವ ಈ ಕ್ರಮ ನಮಗೆ ಹೊಸದೇನಲ್ಲ. ಮಹಾಲನೋಬಿಸ್ ಅವರ ಕಾಲದಿಂದ, 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಮೊದಲಾದಾಗಿನಿಂದ, ದವಸಧಾನ್ಯಗಳ ಲೆಕ್ಕಕ್ಕೂ ಮನೆಖರ್ಚಿನ ಲೆಕ್ಕಕ್ಕೂ ಇದೇ ವಿದ್ಯೆ ಬಳಕೆಯಲ್ಲಿದೆ. ಅಕ್ಕಿಯ ಖರ್ಚನ್ನು ಕೇಳಿದಂತೆ ಅಳುವಿನ ಕಾರಣವನ್ನು ಕೇಳಲಾಗದು ಎಂಬುದಷ್ಟೇ ಇಲ್ಲಿನ ವ್ಯತ್ಯಾಸ.

ಹನ್ನೆರಡು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇಲ್ಲದಿರುವುದನ್ನು ನೀವು ಗಮನಿಸಿರಬಹುದು. ಆದರೆ ಸಮೀಕ್ಷೆಯ ಮೊದಲ ಪರೀಕ್ಷೆ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಕನ್ನಡ ತೆಲುಗುಗಳು ಒಂದೇ ಜಗುಲಿಯ ಮೇಲೆ ಕುಳಿತು ಮಾತಾಡುವ ಆ ಸೀಮೆಯಲ್ಲಿ ಪ್ರಶ್ನೆಗಳನ್ನು ಕೇಳಿ ನೋಡಿ, ಕ್ರಮವನ್ನು ಒರೆಗೆ ಹಚ್ಚಿ, ಅನಂತರವೇ ದೇಶಕ್ಕೆ ಹೊರಟರು. ಒಂದೊಂದು ರಾಜ್ಯದಲ್ಲಿಯೂ ಅಲ್ಲಿನ ಸಂಸ್ಥೆಯೊಂದು ಜೊತೆಗೂಡಿತು. ಪ್ರಶ್ನೆಗಳು ಆಯಾ ರಾಜ್ಯದ ಭಾಷೆಗೆ ಅನುವಾದಗೊಂಡವು. ಮನೆಮನೆಗೆ ಹೋಗುವ ಸಂದರ್ಶಕರಿಗೆ ವಾರಗಟ್ಟಲೆ ತರಬೇತಿ ನಡೆಯಿತು. ಕಾಗದದ ಕಟ್ಟಿನ ಬದಲಿಗೆ ಕೈಗಣಕಗಳಲ್ಲಿ ಉತ್ತರಗಳನ್ನು ತುಂಬಿದರು. ಮಿನಿಯ ಜೊತೆಗೆ ಮೂರ್ಛೆರೋಗ, ಬುದ್ಧಿಮಾಂದ್ಯ, ತಂಬಾಕಿನ ಚಟ, ಕಾಯಿಲೆಯಿಂದ ಮನೆಗೆಲಸಕ್ಕೂ ದುಡಿಮೆಗೂ ಆದ ತೊಂದರೆ, ಚಿಕಿತ್ಸೆಗೆ ಎಲ್ಲೆಲ್ಲಿ ಅಲೆದರು, ಇವನ್ನೂ ಕೇಳಿದರು.

ವಿನ್ಯಾಸದ ಒಂದು ನಿರ್ಧಾರವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಹಳೆಯ ಗಣತಿದಾರ ಯಜಮಾನನನ್ನು ಕೇಳಿ ಹೊರಟುಹೋಗುತ್ತಿದ್ದ. ಈ ಸಮೀಕ್ಷೆಯಲ್ಲಿ ಆಯ್ಕೆಯಾದ ಮನೆಯ ಹದಿನೆಂಟು ತುಂಬಿದ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕಾಗಿತ್ತು. ಸೊಸೆಯ ಪರವಾಗಿ ಅತ್ತೆ, ಮಗನ ಪರವಾಗಿ ತಂದೆ ಉತ್ತರ ಕೊಡುವಂತಿಲ್ಲ. ಕಾಗದದ ಮೇಲೆ ಇದು ಸಣ್ಣ ನಿಯಮ. ಆದರೆ ನಮ್ಮ ಮನೆಗಳನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಮಾತೆಂದು ತಿಳಿಯುತ್ತದೆ. ಎರಡು ಕೋಣೆಯ ಮನೆ, ಬಾಗಿಲ ಸಂದಿಯಲ್ಲಿ ನಿಂತ ಮಕ್ಕಳು, ಯಾರೋ ಬಂದರೆಂದು ಕೂಡಿದ ನೆರೆಹೊರೆ. ಇವರ ನಡುವೆ, ‘ಕಳೆದ ಎರಡು ವಾರಗಳಿಂದ ಬದುಕು ಸಾಕೆನ್ನಿಸಿದೆಯೇ’ ಎಂಬ ಅರ್ಥದ ಪ್ರಶ್ನೆಯನ್ನು ಒಬ್ಬ ಅಪರಿಚಿತ ವ್ಯಕ್ತಿ ಕೇಳಬೇಕು, ಆಕೆ ಉತ್ತರಿಸಬೇಕು. ಏಕಾಂತವಿಲ್ಲದ ಮನೆಯಲ್ಲಿ ಏಕಾಂತವನ್ನು ಸಂಪಾದಿಸಿಕೊಳ್ಳುವುದೇ ಸಂದರ್ಶಕನ ಮೊದಲ ಕೆಲಸ. ಪ್ರಶ್ನೆಯ ಒಂದು ಅಕ್ಷರವನ್ನೂ ಬದಲಿಸದೆ, ಆದರೆ ದನಿಯಲ್ಲಿ ಕಠಿಣವಾಗದೆ, ‘ಅಯ್ಯೋ’ ಎಂದು ಕನಿಕರದಲ್ಲಿ ಕರಗಿಯೂ ಹೋಗದೆ ಕೇಳುವುದು ಎರಡನೆಯದು. ಸಾಯುವ ಯೋಚನೆ ಇದೆಯೆಂದು ತಿಳಿದುಬಂದವರನ್ನು ಚಿಕಿತ್ಸೆಯ ದಾರಿಗೆ ಹಚ್ಚದೆ ಮುಂದಿನ ಮನೆಗೆ ಹೋಗಬಾರದೆಂಬುದು, ಇಂಥ ಯಾವ ಸಮೀಕ್ಷೆಯೂ ಮೀರಲಾಗದ ಮೂರನೆಯ ಕಟ್ಟಳೆ.

ಆಯ್ದ ಮನೆಗಳಲ್ಲಿ ವಯಸ್ಕರು ಒಟ್ಟು 39,532 ಜನರಿದ್ದರು. ಅವರಲ್ಲಿ 34,802 ಮಂದಿ ಉತ್ತರ ಕೊಟ್ಟರು. ನೂರಕ್ಕೆ 88. ಮನಸ್ಸನ್ನು ಕುರಿತು ಮಾತಾಡಲು ನಮ್ಮ ಜನ ಒಪ್ಪಲಾರರು ಎಂದು ಮೂಗೆಳೆದವರಿಗೆ ಈ ಸಂಖ್ಯೆಯೇ ಉತ್ತರ. ಗೌರವದಿಂದ ಕೇಳಿದರೆ ಹೇಳಲು ಕಾದಿದ್ದವರು ಇಷ್ಟು ಜನ.

ಫಲವೇನು ಬಂದಿತು? ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಆಗ ಯಾವುದಾದರೊಂದು ಮನೋರೋಗದಿಂದ ಬಳಲುತ್ತಿದ್ದರು. ಬಾಳಿನಲ್ಲಿ ಎಂದಾದರೊಮ್ಮೆ ಬಳಲಿದವರು ನೂರಕ್ಕೆ 13.7. ತಂಬಾಕಿನ ಚಟವನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಅದನ್ನು ಒಳಗೆ ಸೇರಿಸಿದ್ದರೆ ಸಂಖ್ಯೆ ಬಹಳ ಮೇಲೇರುತ್ತಿತ್ತು. ಬಲೆಯ ಕಣ್ಣಿನ ಮಾತು ಇಲ್ಲಿಯೂ ಬಂತು ನೋಡಿ. ಜನರು ಸಾಮಾನ್ಯವಾಗಿ ‘ಹುಚ್ಚು’ ಎನ್ನುವ ತೀವ್ರ ರೋಗಗಳು ಆ ಹೊತ್ತಿಗೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಮಿಕ್ಕದ್ದೆಲ್ಲ ಖಿನ್ನತೆ, ಆತಂಕ, ಕುಡಿತದ ಚಟ, ಹೊರಗೆ ನಗುತ್ತ ಒಳಗೆ ಸವೆಯುವ ಬಗೆಗಳು. ಹಳೆಯ ಗಣತಿಯ ಅಂಕಣಕ್ಕೆ ಇವು ಎಂದೂ ಬೀಳುತ್ತಿರಲಿಲ್ಲ. ಏಕೆಂದರೆ ಇವರನ್ನು ಮನೆಯವರೂ ರೋಗಿಗಳೆಂದು ತಿಳಿದಿರುವುದಿಲ್ಲ, ಅನೇಕ ವೇಳೆ ಸ್ವತಃ ಅವರೂ ತಿಳಿದಿರುವುದಿಲ್ಲ. ಮಹಾನಗರಗಳಲ್ಲಿ ಪ್ರಮಾಣ ಹೆಚ್ಚು, ಗಂಡಸರಲ್ಲಿ ಕುಡಿತದಿಂದಾಗಿ ಹೆಚ್ಚು, ಖಿನ್ನತೆ ಆತಂಕಗಳು ಹೆಂಗಸರಲ್ಲಿ ಹೆಚ್ಚು ಎಂಬ ವಿವರಗಳೂ ಬಂದವು.

ಆದರೆ ವರದಿಯ ತಿರುಳು ಈ ಸಂಖ್ಯೆಗಳಲ್ಲಿಲ್ಲ; ಇನ್ನೊಂದರಲ್ಲಿದೆ. ಖಿನ್ನತೆ, ಆತಂಕಗಳಂಥ ಸಾಮಾನ್ಯ ಮನೋರೋಗಗಳಲ್ಲಿ ನೂರಕ್ಕೆ 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಕುಡಿತದ ರೋಗದಲ್ಲಿ ನೂರಕ್ಕೆ 86. ಅಷ್ಟೇಕೆ, ಎಲ್ಲರ ಕಣ್ಣಿಗೂ ಬೀಳುವ ತೀವ್ರ ರೋಗಗಳಲ್ಲಿಯೂ ನೂರಕ್ಕೆ 73ಕ್ಕೂ ಮಿಕ್ಕ ಜನ ಚಿಕಿತ್ಸೆಯಿಂದ ದೂರವೇ ಉಳಿದಿದ್ದರು. ಚಿಕಿತ್ಸೆ ಪಡೆದ ಮನೆಗಳು ಅದಕ್ಕಾಗಿ, ಓಡಾಟವೂ ಸೇರಿ, ತಿಂಗಳಿಗೆ ಸಾವಿರ-ಸಾವಿರದೈನೂರು ರೂಪಾಯಿಗಳನ್ನು ತೆರುತ್ತಿದ್ದವು. ಕೂಲಿಯಿಂದ ಬದುಕುವ ಮನೆಯಲ್ಲಿ ಈ ಮೊತ್ತವೆಂದರೆ ಮಗುವಿನ ಶಾಲೆ, ಮುದುಕಿಯ ಮದ್ದು, ಇಲ್ಲವೇ ಒಪ್ಪೊತ್ತಿನ ಊಟ. ಈಗ ಹಣಕಾಸಿನ ಅಧಿಕಾರಿಯ ಪ್ರಶ್ನೆಗೆ ಉತ್ತರವಿದೆ. ರೋಗ ಎಷ್ಟಿದೆ ಎಂಬುದಕ್ಕಿಂತಲೂ, ರೋಗಿಗೂ ವೈದ್ಯನಿಗೂ ನಡುವೆ ಎಷ್ಟು ದೂರವಿದೆ ಎಂಬುದನ್ನು ದೇಶ ಮೊದಲ ಬಾರಿಗೆ ಒಂದೇ ಅಳತೆಯಲ್ಲಿ ಅಳೆದು ನೋಡಿತು.

ಇಷ್ಟಾದರೂ ಈ ಅಳತೆಗೆ ಸಿಗದೆ ಉಳಿದವರಿದ್ದಾರೆ. ಉತ್ತರ ಕೊಡದ ನೂರಕ್ಕೆ 12 ಮಂದಿಯಲ್ಲಿ ದುಡಿಮೆಗೆ ಹೋದವರಿರಬಹುದು, ಬೇಡವೆಂದವರಿರಬಹುದು. ಬಾಗಿಲನ್ನೇ ತೆರೆಯಲಾಗದಷ್ಟು ಕುಗ್ಗಿಹೋದವರೂ ಇರಬಹುದು. ಮನೋರೋಗದ ಸಮೀಕ್ಷೆಗೆ ಇದೊಂದು ಬಿಡದ ತೊಡಕು. ಯಾವುದನ್ನು ಹುಡುಕುತ್ತೇವೋ ಅದೇ ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತದೆ. ಇನ್ನು, ಮನೆಯ ಸಮೀಕ್ಷೆ ಎಂದ ಮೇಲೆ ಮನೆಯಿಲ್ಲದವರು ಅದಕ್ಕೆ ಹೊರಗು. ಬಸ್ ನಿಲ್ದಾಣದ ಮೂಲೆಯವರು, ಸೆರೆಮನೆಯವರು, ಮಾನಸಿಕ ಆಸ್ಪತ್ರೆಯಲ್ಲಿಯೇ ಮುದುಕರಾದವರು, ಗುಡಿ ದರ್ಗಾಗಳ ಆವರಣದಲ್ಲಿ ಬಿಟ್ಟುಹೋದವರು ಯಾವ ಮನೆಯ ಪಟ್ಟಿಯಲ್ಲಿಯೂ ಇರುವುದಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮನೋರೋಗಿಗಳು ಓಡಲಾಗದೆ ಬೆಂದುಹೋದರು. ಅವರಿಗೂ ಎಲ್ಲೋ ಒಂದು ಮನೆಯಿತ್ತು. ಆ ಮನೆಯ ಬಾಗಿಲಿಗೆ ಹೋಗಿ ಕೇಳಿದ್ದರೆ, ಅಂಥವರು ನಮ್ಮಲ್ಲಿ ಯಾರೂ ಇಲ್ಲವೆಂದೇ ಉತ್ತರ ಸಿಗುತ್ತಿತ್ತೇನೋ. ಈ ಕೊರತೆಯನ್ನು ಸಮೀಕ್ಷೆಯವರು ಬಲ್ಲರು. ಆದ್ದರಿಂದಲೇ ಮನೆಗಳ ಲೆಕ್ಕದ ಜೊತೆಗೆ ಗುಂಪು ಚರ್ಚೆಗಳನ್ನು ನಡೆಸಿದರು, ವಿಷಯ ಬಲ್ಲವರನ್ನು ಬೇರೆಯಾಗಿ ಸಂದರ್ಶಿಸಿದರು, ಒಂದೊಂದು ರಾಜ್ಯದ ಆಸ್ಪತ್ರೆ, ವೈದ್ಯರು, ಔಷಧಿಗಳ ಸ್ಥಿತಿಯನ್ನೂ ಪರಿಶೀಲಿಸಿದರು. ಆದರೂ ಅಂಕಿಗಳ ಒಳಗೆ ಅವರಿಗೆ ಸ್ಥಳವಿಲ್ಲ. 15 ಕೋಟಿ ಎಂಬ ದೊಡ್ಡ ಸಂಖ್ಯೆಯನ್ನು ಓದುವಾಗ ಅದರ ಹೊರಗೆ ನಿಂತವರನ್ನೂ ನೆನೆಯುವುದು ವಿವೇಕ.

ಸಂಖ್ಯೆಗಳ ಬಗ್ಗೆ ಸಾಹಿತ್ಯಪ್ರಿಯರಲ್ಲಿ ಒಂದು ಅಸಡ್ಡೆಯುಂಟು. ಒಂದು ಮನಸ್ಸಿನ ದುಃಖವನ್ನು ಕಾದಂಬರಿಕಾರ ನಾನೂರು ಪುಟಗಳಲ್ಲಿ ಹಿಡಿಯಲು ಹೆಣಗುವಾಗ, ಕಾಲು ಗಂಟೆಯ ಪ್ರಶ್ನಾವಳಿ ಏನನ್ನು ಹಿಡಿದೀತು ಎಂದು ನಾವು ಕೇಳಬಹುದು. ಆ ಮಾತಿನಲ್ಲಿ ಸತ್ಯವಿದೆ. ಪ್ರಶ್ನಾವಳಿ ದುಃಖದ ಆಳವನ್ನು ಹೇಳಲಾರದು. ಆದರೆ ಕಾದಂಬರಿ ಹೇಳಲಾರದ ಒಂದನ್ನು ಅದು ಹೇಳುತ್ತದೆ: ಈ ದುಃಖ ನಿನ್ನೊಬ್ಬನ ಮನೆಯದಲ್ಲ, ನಿನ್ನ ಕುಲದ ಕಳಂಕವಲ್ಲ, ಇದೇ ಬೀದಿಯಲ್ಲಿ ಹತ್ತು ಜನರಲ್ಲಿ ಒಬ್ಬರಿಗೆ ಇದೆ. ಯಜಮಾನ ನೂರು ವರ್ಷ ಮುಚ್ಚಿಟ್ಟ ಗುಟ್ಟು ಎಲ್ಲರ ಮನೆಯ ಗುಟ್ಟೆಂದು ತಿಳಿದ ದಿನ, ಮುಚ್ಚಿಡುವ ಕಾರಣವೂ ಅರ್ಧ ಕಳೆಯುತ್ತದೆ.

ಮಿಕ್ಕ ಅರ್ಧವನ್ನು ಕಳೆಯಬೇಕಾದದ್ದು ಸಂಖ್ಯೆಯಲ್ಲ, ಸರಕಾರ ಮತ್ತು ಸಮಾಜ. 2017ರಲ್ಲಿ ಬಂದ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿತು. ಹಕ್ಕು ಹೊತ್ತಿಗೆಯಲ್ಲಿರುವುದಕ್ಕೂ ತಾಲ್ಲೂಕಿನ ಆಸ್ಪತ್ರೆಯಲ್ಲಿ ಮಾತ್ರೆ ಸಿಗುವುದಕ್ಕೂ ಇರುವ ಅಂತರವನ್ನು ತುಂಬುವುದು ದೀರ್ಘಕಾಲದ ಕೆಲಸ. ಒಂದು ಮನೆಯ ಬಾಗಿಲು ತಟ್ಟಿ, ನಿಮ್ಮ ಮನಸ್ಸು ಹೇಗಿದೆ ಎಂದು ಕೇಳಿದವರು, ಉತ್ತರವನ್ನು ಬರೆದುಕೊಂಡು ಸುಮ್ಮನೆ ಹೋಗುವಂತಿಲ್ಲ. ಕೇಳಿದವರ ಮೇಲೆ ಋಣ ಬೀಳುತ್ತದೆ. 34,802 ಮಂದಿ ತಮ್ಮ ಮನೆಯೊಳಗೆ ಒಬ್ಬೊಬ್ಬರಾಗಿ ಕುಳಿತು ಕೊಟ್ಟ ಉತ್ತರಗಳು, ಈ ದೇಶ ತೀರಿಸಬೇಕಾದ ಆ ಋಣದ ಪತ್ರಗಳು.